ಅಡುಗೆಮನೆ ಕಡೆಗೆ ವಾಲಿದ ನೆಲ

ಸಂಗಮೇಶ ಆ ಮಾತು ತೆಗೆದಾಗ ಬೈರಣ್ಣ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ.

"ಅಂಕಲ್, ಒಂದು ಮಾತು ಹೇಳೋದಿತ್ತರಿ. ಹಾಲ್‌ನ್ಯಾಗ ನೆಲ ಇಳಿಜಾರ ಆಗೇತಿ."

"ಇಳಿಜಾರಾ?"

"ಹೌದ್ರಿ. ಮನ್ಯಾಗಿಂದ ಕೆಲಸ ಮಾಡೋ ದಿನ ನಾ ಚಕ್ರದ ಕುರ್ಚಿ ಮ್ಯಾಲೆ ಕುಂದರ್ತೀನಿ. ಲ್ಯಾಪ್‌ಟಾಪ್ ಕಿಟಕಿ ಕಡೆ ಇರ್ತೈತಿ. ಕಸ್ಟಮರ್ ಕೂಡ ಮಾತಾಡ್ತಾ ಮಾತಾಡ್ತಾ ನೋಡ್ತೀನಿ, ಅಡಿಗಿಮನಿ ಬಾಗಲದಾಗ ಇರ್ತೀನ್ರಿ. ನಿನ್ನೆ ಮ್ಯಾನೇಜರ್ ವಿಡಿಯೋದಾಗ ಕೇಳಿದ್ರು, ಯಾಕೋ ಸಂಗಮೇಶ, ಸಣ್ಣ ಆಗಾಕತ್ತೀಯಲ್ಲ ಅಂತ."

ಬೈರಣ್ಣ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಗಂಭೀರನಾದ. "ಆ ಕುರ್ಚಿ ಎಲ್ಲಿ ತಗೊಂಡೆ?"

"ಬಿಟಿಎಂ ಲೇಔಟ್‌ದಾಗ, ಸೆಕೆಂಡ್ ಹ್ಯಾಂಡ್."

"ಅದೇ ಮತ್ತೆ! ನೆಲಕ್ಕೆ ಏನೂ ಆಗಿಲ್ಲಪ್ಪ. ಬಿಟಿಎಂ ಕುರ್ಚಿಗೆ ಒಂದು ಕಡೆ ನಿಂತು ಅಭ್ಯಾಸ ಇಲ್ಲ. ಚಕ್ರಕ್ಕೆ ಒಂದೊಂದು ಚಿಂದಿ ಬಟ್ಟೆ ಸುತ್ತು, ಸರಿಹೋಗುತ್ತೆ. ಈ ಮನೆ ಬಂಡೆ ಕಣಪ್ಪ, ಬಂಡೆ."

ಸಂಗಮೇಶ ಒಳ್ಳೆಯ ಹುಡುಗ. ರೋಣದ ಕಡೆಯವನು, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ತಲೆಯಾಡಿಸಿ ಒಳಗೆ ಹೋದ. ಬೈರಣ್ಣ ಮಾತ್ರ ಮತ್ತೆ ಅವರೆಕಾಯಿಗೆ ಕೈ ಹಾಕಲಿಲ್ಲ.

ಅದಕ್ಕೆ ಕಾರಣವಿತ್ತು. ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗ ಬೈರಣ್ಣನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಮನೆ ಎದ್ದಿದ್ದು, ಎಂಬತ್ತೈದನೇ ಇಸವಿಯಲ್ಲಿ. ಹಿಂದಿನ ಪೋರ್ಶನ್ನಿನಲ್ಲಿ ಬೈರಣ್ಣ ಮತ್ತು ಹೆಂಡತಿ ಮರಿಯಮ್ಮ, ಮುಂದಿನದರಲ್ಲಿ ಬಾಡಿಗೆಯವರು. ಅಣ್ಣತಮ್ಮಂದಿರಲ್ಲಿ ಭಾಗವಾದಾಗ ಬೈರಣ್ಣನ ಪಾಲಿಗೆ ಬಂದ ತುಂಡಿನ ನಡುವೆ ಒಂದು ಹಳೆಯ ಬಾವಿಯಿತ್ತು. ಮನೆ ಕಟ್ಟುವ ಮಾತು ಬಂದಾಗಲೇ ಮರಿಯಮ್ಮ ಹೇಳಿಬಿಟ್ಟಿದ್ದಳು: "ಗಂಗಮ್ಮನ ತಲೆ ಮೇಲೆ ಮನೆ ಕಟ್ಟಿದ್ರೆ ನಾನು ಆ ಹೊಸ್ತಿಲು ದಾಟಲ್ಲ." ಹೇಳಿ, ತುಂಬಿದ ಬಸುರಿ, ಬಾಣಂತನಕ್ಕೆ ಸಿದ್ದಾಪುರದ ತವರಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಬೈರಣ್ಣ ಇತ್ತ ಗಾರೆ ಕೆಲಸದ ಗಂಗಯ್ಯನನ್ನು ಕರೆಸಿ ಬಾವಿ ಮುಚ್ಚಿಸಿದ. ಮಗಳನ್ನು ಎತ್ತಿಕೊಂಡು ಬಂದ ಹೆಂಡತಿ "ಬಾವಿ ಎಲ್ರೀ?" ಅಂತ ಕೇಳಿದಾಗ "ರಸ್ತೆಗೆ ಹೋಯ್ತು" ಅಂದ. ಈ ಊರಿನಲ್ಲಿ ಏನು ಕಾಣೆಯಾದರೂ ರಸ್ತೆಗೆ ಹೋಯ್ತು ಅಂದರೆ ಜನ ನಂಬುತ್ತಾರೆ. ಅವಳೂ ನಂಬಿದಳು.

ಆ ಬಾವಿ ಇದ್ದದ್ದು, ಬೈರಣ್ಣನ ಲೆಕ್ಕದಲ್ಲಿ, ಸರಿಯಾಗಿ ಮುಂದಿನ ಪೋರ್ಶನ್ನಿನ ಹಾಲಿನ ಕೆಳಗೆ.

ಮಾರನೆಯ ದಿನ ಬೈರಣ್ಣ ಒಂದು ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು ಪರೀಕ್ಷೆಗೆ ಹೋದ. ಸಂಗಮೇಶ ಆಫೀಸಿಗೆ ಹೋಗಿದ್ದ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವನ ತಾಯಿ ಕೆಂಚವ್ವ ಕೂತಿದ್ದಳು. ಕಣ್ಣಿನ ಪೊರೆ ಆಪರೇಷನ್‌ಗೆಂದು ಊರಿನಿಂದ ಬಂದವಳು. ದೊಡ್ಡ ಕಪ್ಪು ಕನ್ನಡಕ ಹಾಕಿದ್ದಳು. ಬಗ್ಗಬಾರದು, ಟಿವಿ ನೋಡಬಾರದು, ಒಲೆಯ ಮುಂದೆ ನಿಲ್ಲಬಾರದು ಅಂತ ಡಾಕ್ಟರು ಹೇಳಿದ್ದರು. ಹದಿನೈದು ದಿನದಿಂದ ಮಾಡಲು ಕೆಲಸವಿಲ್ಲದೆ ಆಕೆಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

"ಬರ್ರಿ ಯಜಮಾನ್ರ. ನೆಲ ನೋಡಾಕ ಬಂದ್ರೇನು?"

"ನೋಡೋಕೇನಿದೆ ಅಮ್ಮ, ಸುಮ್ನೆ ಬಂದೆ," ಅನ್ನುತ್ತ ಬೈರಣ್ಣ ಗೋಡೆಗೆ ಒತ್ತಿಕೊಂಡೇ ಕಿಟಕಿಯವರೆಗೂ ನಡೆದ. ಅಲ್ಲಿ ನಿಂಬೆಹಣ್ಣನ್ನು ಮೊಸಾಯಿಕ್ ನೆಲದ ಮೇಲಿಟ್ಟ. ಹಣ್ಣು ಒಂದು ಕ್ಷಣ ಯೋಚಿಸಿತು. ಆಮೇಲೆ ಯಾರೋ ಕರೆದಂತೆ ಹೊರಟು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಬಡಿಯಿತು.

"ನಿಂಬೆಹಣ್ಣು ಅಂದ್ಮೇಲೆ ಉರುಳುತ್ತೆ," ಅಂದ ಬೈರಣ್ಣ.

"ಹಂಗಾರ ಅತ್ತಾಗಿಂದ ಇತ್ತಾಗ ಉರುಳಿಸ್ರಿ, ನೋಡೂಣು."

ಬೈರಣ್ಣ ಅಡುಗೆಮನೆ ಕಡೆಯಿಂದ ಹಣ್ಣನ್ನು ಕಿಟಕಿಯತ್ತ ತಳ್ಳಿದ. ಅದು ಅರ್ಧ ದಾರಿ ಹೋಗಿ, ಮನಸ್ಸು ಬದಲಾಯಿಸಿ, ವಾಪಸು ಅವನ ಕಾಲ ಬಳಿಗೇ ಬಂತು. ಕಪ್ಪು ಕನ್ನಡಕದ ಹಿಂದೆ ಕೆಂಚವ್ವನ ಕಣ್ಣು ಏನು ಕಂಡಿತೋ, ತುಟಿ ಮಾತ್ರ ಓರೆಯಾಯಿತು.

ಆಕೆ ಎದ್ದಳು. ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲ ಹಿಮ್ಮಡಿಯಿಂದ ನೆಲವನ್ನು ಒದ್ದಳು. ಕಿಟಕಿಯ ಹತ್ತಿರ ಒದ್ದಾಗ 'ಟಕ್' ಅಂತು. ನಡುವೆ ಒದ್ದಾಗಲೂ 'ಟಕ್'. ಅಡುಗೆಮನೆಯ ಹೊಸ್ತಿಲಿಗೆ ನಾಲ್ಕು ಹೆಜ್ಜೆ ಇರುವಂತೆ ಒದ್ದಳು. 'ಡಬ್.'

"ಕೇಳಿದ್ರಿಲ್ಲೋ? ಇಲ್ಲಿ ಪೊಳ್ಳ ಐತಿ. ನಮ್ಮ ಮನಿ ಮುಂದ ಹಗೇವು ಇತ್ರಿ, ನೆಲದಾಗ ತೋಡಿ ಜೋಳ ತುಂಬಿಡೂ ಕಣಜ. ಒಳಗ ಜೋಳ ಖಾಲಿ ಆದ್ರ ಮ್ಯಾಲೆ ನಡದಾಗ ಹಿಂಗ ಸಪ್ಪಳ ಬರ್ತಿತ್ತು. ಕಿವಿ ಇಟ್ಟು ಕೇಳ್ರಿ. ನಂಗ ಡಾಕ್ಟರ್ ಬಗ್ಗಬ್ಯಾಡ ಅಂದಾರ."

ಹೀಗಾಗಿ ಎಪ್ಪತ್ತೊಂದು ವರ್ಷದ ಬೈರಣ್ಣ ತನ್ನದೇ ಮನೆಯ ನೆಲದ ಮೇಲೆ ಬೋರಲು ಮಲಗಬೇಕಾಯಿತು. ಕೆಂಚವ್ವ ಅವನ ತಲೆಯ ಹತ್ತಿರ ಹಿಮ್ಮಡಿ ಬಡಿದಳು. ಕಿವಿಗೆ ಬಂದ ಸದ್ದು ಖಾಲಿ ಕೊಡ ಬಡಿದ ಹಾಗಿತ್ತು. ಮೊಸಾಯಿಕ್ ಕೂಡ ಕೆನ್ನೆಯ ಕೆಳಗೆ ಸಣ್ಣಗೆ ಕುಗ್ಗಿ ಎದ್ದಂತಾಯಿತು. 'ಮುಗೀತು, ಬಾವಿ ಬಾಯಿ ಬಿಟ್ಟಿದೆ' ಅಂದುಕೊಂಡ ಬೈರಣ್ಣ. ಎದ್ದು ನಿಂತವನು ಮಾತ್ರ ಹೇಳಿದ್ದೇ ಬೇರೆ: "ಏನೂ ಕೇಳಿಸ್ಲಿಲ್ಲಮ್ಮ. ನನಗೆ ಕಿವಿ ಸ್ವಲ್ಪ ಮಂದ."

ಹೆಂಡತಿಯ ಕಿವಿಗೆ ಬೀಳುವ ಮೊದಲು ಈ ಮಾತನ್ನು ಹೂತುಹಾಕಲು ಇಂಗ್ಲಿಷ್ ಬಲ್ಲವನೊಬ್ಬ ಬೇಕಿತ್ತು. ಬನಶಂಕರಿಯಲ್ಲಿ ಆಫೀಸು ಇಟ್ಟುಕೊಂಡಿದ್ದ ಭಾರ್ಗವ ಎಂಬ ಇಂಜಿನಿಯರನ್ನು ಕರೆಸಿದ. ಭಾರ್ಗವ ಒಂದು ಪುಟ್ಟ ಪೆಟ್ಟಿಗೆ ತಂದು ನೆಲದ ಮೇಲಿಟ್ಟು ಗುಂಡಿ ಒತ್ತಿದ. ನಾಲ್ಕು ಗೋಡೆಯ ಮೇಲೂ ಕೆಂಪು ಗೆರೆ ಮೂಡಿತು. ಆ ಗೆರೆಯಿಂದ ನೆಲದವರೆಗೆ ಟೇಪು ಹಿಡಿದು ಅಲ್ಲಲ್ಲಿ ಅಳೆದ. ಬಾಗಿಲುಗಳನ್ನು ಹಾಕಿ ತೆಗೆದ. ಗೋಡೆಗಳಲ್ಲಿ ಬಿರುಕು ಹುಡುಕಿದ.

"ಅಂಕಲ್, ಗೋಡೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಬಾಗಿಲು ಎಲ್ಲೂ ಹಿಡೀತಿಲ್ಲ. ಅಂದ್ರೆ ಪಾಯ ಸಖತ್ ಗಟ್ಟಿ ಇದೆ. ಆದ್ರೆ ಅಡುಗೆಮನೆ ಕಡೆ ನೆಲ ಒಂದೂಮುಕ್ಕಾಲು ಇಂಚು ಇಳಿದಿದೆ. ನೋಡಿ, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಕೆಳಗೆ ಬೆರಳು ಹೋಗುತ್ತೆ. ನೆಲದ ಕೆಳಗೆ ತುಂಬಿದ ಮಣ್ಣು ಮಾತ್ರ ಕೂತಿದೆ. ಇದಕ್ಕೆ ಸೆಟಲ್‌ಮೆಂಟ್ ಅಂತಾರೆ."

ಬೈರಣ್ಣನಿಗೆ ಆ ಪದ ಬಹಳ ಹಿಡಿಸಿತು. ಆದರೆ ಭಾರ್ಗವ ಪೆಟ್ಟಿಗೆ ಮುಚ್ಚುತ್ತ ಸಹಜವಾಗಿ ಕೇಳಿದ: "ಮೊದಲು ಇಲ್ಲಿ ಬಾವಿ-ಗೀವಿ ಏನಾದ್ರೂ ಇತ್ತಾ?"

"ಬಾವಿನಾ!" ಬೈರಣ್ಣನ ದನಿ ಅವನಿಗೇ ಗುರುತು ಸಿಗದಷ್ಟು ಮೇಲೇರಿತು. "ಈ ಏರಿಯಾದಲ್ಲೇ ಯಾವತ್ತೂ ಬಾವಿ ಇರ್ಲಿಲ್ಲ."

"ಮತ್ತೆ ನೀರಿಗೆ ಏನ್ ಮಾಡ್ತಿದ್ರಿ ಅಂಕಲ್ ಆಗ?"

"ಕುಡೀತಾನೇ ಇರ್ಲಿಲ್ಲ," ಅಂದುಬಿಟ್ಟ ಬೈರಣ್ಣ.

ಭಾರ್ಗವ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನೆಲ ಅಗೆಸಿ ನೋಡದ ಹೊರತು ಏನೂ ಹೇಳಲಾಗದು ಅಂತ ಹೇಳಿ ಹೋದ. ಸಂಜೆ ಸಂಗಮೇಶ ವಿಚಾರಿಸಿದಾಗ ಬೈರಣ್ಣ ಧೈರ್ಯವಾಗಿ ಉತ್ತರ ಕೊಟ್ಟ: "ಇಂಜಿನಿಯರ್ ಬಂದು ನೋಡ್ಕೊಂಡು ಹೋದ್ರಪ್ಪ. ಎಲ್ಲಾ ಸೆಟಲ್ ಆಗಿದೆ ಅಂದ್ರು."

ಸಂಗಮೇಶ ನಂಬಿದ. ಕೆಂಚವ್ವ ನಂಬಲಿಲ್ಲ. ಮರುದಿನ ಬೆಳಿಗ್ಗೆ ಆಕೆ ನೇರವಾಗಿ ಹಿಂದಿನ ಪೋರ್ಶನ್ನಿಗೇ ಹೋಗಿ ಮರಿಯಮ್ಮನ ಮುಂದೆ ಕೂತಳು. ಒಳಗಿನಿಂದ ಬೈರಣ್ಣ ಎಷ್ಟು ಕೆಮ್ಮಿದರೂ ಪ್ರಯೋಜನವಾಗಲಿಲ್ಲ.

"ನೋಡು ಯವ್ವಾ, ಅಡಿಗಿಮನಿ ಬಚ್ಚಲ ನೀರು ಎಲ್ಲಿಗೆ ಹೋಗ್ತೈತಿ?"

"ಸಿಂಕಿನ ನೀರಾ? ಹಾಲ್ ಕೆಳಗೇ ಪೈಪ್ ಹೋಗಿ ಗೇಟ್ ಹತ್ರ ಚೇಂಬರಿಗೆ ಬೀಳುತ್ತೆ, ಕೆಂಚಕ್ಕ."

"ಬೀಳ್ತೈತೋ ಇಲ್ಲೋ ನೋಡೂಣಲ್ಲ. ಒಂದು ಕೊಡ ನೀರಿಗೆ ಅರಿಶಿಣ ಕಲಸಿ ಹಾಕ್ತೀನಿ. ಹಾಕಿದ್ದು ಅಷ್ಟೂ ಅಲ್ಲಿ ಬಂತಂದ್ರ ಪೈಪು ಗಟ್ಟಿ. ಬರಲಿಲ್ಲಂದ್ರ ನೀರು ನೆಲದಾಗ ಹೋಗಿ ಮಣ್ಣು ಕೊಚ್ಚಾಕತ್ತೈತಿ ಅಂತ ತಿಳಿ."

ಮರಿಯಮ್ಮನಿಗೆ ಇದು ಬಹಳ ಸರಿ ಅನ್ನಿಸಿತು. ಅರಿಶಿಣ ಕಲಸಿದ ಕೊಡ ಸಿದ್ಧವಾಯಿತು. ಗೇಟಿನ ಹತ್ತಿರ ಚೇಂಬರಿನ ಕಲ್ಲು ಸರಿಸಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವ ಕೆಲಸ ಬೈರಣ್ಣನಿಗೆ ಬಿತ್ತು. ಹಳದಿ ನೀರು ಕಂಡ ಕೂಡಲೇ ಕೂಗಿ ಹೇಳಬೇಕು.

ಕೂತ ಬೈರಣ್ಣನ ತಲೆ ಓಡತೊಡಗಿತು. ನೀರು ಬಾರದಿದ್ದರೆ ನೆಲ ಅಗೆಯುತ್ತಾರೆ. ಅಗೆದರೆ ಬಾವಿ. ಬಾವಿ ಅಂದರೆ ಮರಿಯಮ್ಮ. ಆದ್ದರಿಂದ ನೀರು ಬರಲೇಬೇಕು. ಒಳಗೆ ಏನೋ ಸದ್ದಾಯಿತು.

"ಬಂತು! ಬಂತು! ಅರಿಶಿಣದ ನೀರು ಬಂತು!" ಅಂತ ಕೂಗಿದ. "ಹೊಳೆ ಥರ ಬರ್ತಿದೆ!"

ಒಳಗಿಂದ ಕೆಂಚವ್ವನ ದನಿ ತೇಲಿಬಂತು: "ನಾ ಇನ್ನೂ ಹಾಕೇ ಇಲ್ರಿ ಯಜಮಾನ್ರ."

ಮರಿಯಮ್ಮ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ನೋಡಿದಳು. ಅವನನ್ನು ಬದಿಗೆ ಸರಿಸಿ ತಾನೇ ಚೇಂಬರಿನ ಮುಂದೆ ಕೂತಳು. ಒಳಗೆ ಕೆಂಚವ್ವ ಇಡೀ ಕೊಡ ಸುರಿದಳು. ಐದು ನಿಮಿಷ ಕಾದರು. ಚೇಂಬರಿಗೆ ಬಂದದ್ದು ಎರಡು ಚಮಚದಷ್ಟು ಹಳದಿ ನೀರು, ಅದೂ ಒಂದೊಂದೇ ಹನಿಯಾಗಿ.

"ಗಂಗಯ್ಯಣ್ಣಂಗೆ ಫೋನ್ ಮಾಡ್ತೀನಿ," ಅಂದಳು ಮರಿಯಮ್ಮ. "ಕಟ್ಟಿದವನಿಗೇ ಗೊತ್ತಿರುತ್ತೆ ಕೆಳಗೇನಿದೆ ಅಂತ."

"ಗಂಗಯ್ಯ ಯಾಕೆ? ಪಾಪ, ವಯಸ್ಸಾಗಿದೆ. ಸುಬ್ರಹ್ಮಣ್ಯಪುರದಿಂದ ಬರ್ಬೇಕು. ಟ್ರಾಫಿಕ್ಕು..."

ಅಷ್ಟರಲ್ಲಿ ಅವಳು ಫೋನು ಕಿವಿಗೆ ಹಿಡಿದಾಗಿತ್ತು.

ಗಂಗಯ್ಯ ಶನಿವಾರ ಬಂದ, ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು. ಚೀಲದಲ್ಲಿ ಚಾಣ, ಸುತ್ತಿಗೆ, ಸವೆದುಹೋದ ಮರದ ರಸಮಟ್ಟ. ಬೈರಣ್ಣ ಬೆಳಿಗ್ಗೆ ಆರರಿಂದ ಗೇಟಿನಲ್ಲೇ ನಿಂತಿದ್ದ, ಯಾರೂ ನೋಡುವ ಮೊದಲು ಅವನ ಕಿವಿಯಲ್ಲಿ ಎರಡು ಮಾತು ಹಾಕಬೇಕೆಂದು. ಗಂಗಯ್ಯ ಇಳಿದ ತಕ್ಷಣ ಹತ್ತಿರ ಸರಿದು ಪಿಸುಗುಟ್ಟಿದ: "ಅದರ ವಿಷಯ ಬಾಯಿ ಬಿಡಬೇಡ."

"ಯಾವುದರ ವಿಷಯ?" ಅಂತ ಗಂಗಯ್ಯ ಗಟ್ಟಿಯಾಗಿ ಕೇಳಿದ. ಅವನ ಕಿವಿ ನಿಜವಾಗಿಯೂ ಮಂದವಾಗಿತ್ತು.

"ಏನಿಲ್ಲ, ಏನಿಲ್ಲ. ಕಾಫಿ ಕುಡಿ."

ಎಲ್ಲರೂ ಹಾಲಿನಲ್ಲಿ ಸೇರಿದರು. ಗಂಗಯ್ಯ ರಸಮಟ್ಟವನ್ನು ನೆಲದ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ಸರಕ್ಕನೆ ಕಿಟಕಿಯ ಕಡೆಗೆ ಓಡಿತು. ಅವನು ಬಾಯಲ್ಲಿ ಚ್ಚು ಚ್ಚು ಅಂದ. ಕೆಂಚವ್ವ ಹಿಮ್ಮಡಿಯಿಂದ ಜಾಗ ತೋರಿಸಿದಳು. ಗಂಗಯ್ಯ ಅಲ್ಲೇ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ ಆಕೆಗೆ ಕೈಮುಗಿದ. "ಸರಿಯಾಗಿ ಹೇಳಿದ್ದೀಯ ತಾಯಿ. ಇಲ್ಲೇ."

ಚಾಣಕ್ಕೆ ಮೊದಲ ಏಟು ಬಿದ್ದಾಗ ಬೈರಣ್ಣ ಕಣ್ಣು ಮುಚ್ಚಿದ. ಎರಡನೆಯ ಏಟಿಗೆ ಗೋಡೆಗೆ ಒರಗಿದ. ಐದೋ ಆರೋ ಏಟಿಗೆ ಮೊಸಾಯಿಕ್ಕಿನ ಎರಡು ಬಿಲ್ಲೆ ಧಡ್ಡನೆ ಒಳಗೆ ಬಿದ್ದವು. ಒಳಗಿಂದ ಕೊಳೆತ ಅನ್ನದ ವಾಸನೆ ಮೇಲೆ ಬಂತು.

"ನೀರು ಕಾಣ್ತಿದೆಯಾ?" ಬೈರಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಕಾಣ್ತೈತ್ರಿ," ಅಂದ ಸಂಗಮೇಶ, ಮೊಬೈಲಿನ ಟಾರ್ಚು ಬಿಟ್ಟು ಬಗ್ಗಿ ನೋಡುತ್ತ.

ಬೈರಣ್ಣ ಮೆಲ್ಲಗೆ ನೆಲಕ್ಕೆ ಕುಸಿದ. ಸಂಗಮೇಶ ಮಾತು ಮುಂದುವರಿಸಿದ: "ಪೈಪಿಂದ ಸೋರಾಕತ್ತೈತಿ. ಎರಡು ಪೈಪಿನ ಜೋಡಣೆ ಬಿಟ್ಟುಹೋಗೈತಿ. ಅಯ್ಯೋ, ಇಲ್ಲಿ ನೋಡ್ರಿ, ಗೂಡು!"

ಬಾವಿಯಲ್ಲ. ಒಬ್ಬ ಮನುಷ್ಯ ಮುದುರಿ ಕೂರುವಷ್ಟು ದೊಡ್ಡ ಗುಂಡಿ. ಹಳೆಯ ಮಣ್ಣಿನ ಪೈಪಿನ ಜೋಡಣೆಯಲ್ಲಿ ಸಿಮೆಂಟು ಉದುರಿ, ವರ್ಷಗಟ್ಟಲೆ ಸಿಂಕಿನ ನೀರು ಅಲ್ಲೇ ಇಳಿದಿತ್ತು. ಅನ್ನದ ಅಗುಳಿನ ವಾಸನೆ ಹಿಡಿದು ಗೇಟಿನ ಕಡೆಯಿಂದ ಹೆಗ್ಗಣ ಬಿಲ ತೋಡಿಕೊಂಡು ಬಂದಿತ್ತು. ಹೆಗ್ಗಣ ಸಡಿಲಿಸಿದ ಮಣ್ಣನ್ನು ನೀರು ಕೊಚ್ಚಿಕೊಂಡು ಹೋಗಿ, ಮೇಲಿನ ನೆಲ ಆಧಾರವಿಲ್ಲದೆ ಜೋಲುಬಿದ್ದಿತ್ತು. ಗುಂಡಿಯ ಮೂಲೆಯಲ್ಲಿ ಚಿಂದಿ, ಪೇಪರು, ಅವರೆಸಿಪ್ಪೆಯಿಂದ ಕಟ್ಟಿದ ಭದ್ರವಾದ ಗೂಡು. ಅದರಲ್ಲಿ ಸಂಗಮೇಶನ ಒಂದು ಸಾಕ್ಸು, ಸುಪ್ರಭಾತಕ್ಕೆ ಹಚ್ಚುವ ಊದುಬತ್ತಿಯ ಖಾಲಿ ಪೆಟ್ಟಿಗೆ, ಮರಿಯಮ್ಮನ ರವಿಕೆಯ ಒಂದು ತೋಳು. ಗೂಡಿನ ಒಡೆಯ ಮಾತ್ರ ಸುತ್ತಿಗೆಯ ಸದ್ದಿಗೇ ಮನೆ ಖಾಲಿ ಮಾಡಿದ್ದ.

"ಅಷ್ಟೇನಾ?" ಬೈರಣ್ಣ ಕಣ್ಣು ಬಿಟ್ಟ. ಎದ್ದು ಬಂದು ಗುಂಡಿಯೊಳಗೆ ಬಗ್ಗಿದ. ಪಕ್ಕದ ಮಣ್ಣನ್ನು ಬೆರಳಿನಿಂದ ತಿವಿದ. ಗಟ್ಟಿ ಕೆಂಪು ಮಣ್ಣು, ಯಾರೂ ಎಂದೂ ಅಗೆಯದ ಹೊಲದ ಮಣ್ಣು. ಆ ಸಂತೋಷದಲ್ಲಿ ಅವನ ಬಾಯಿಗೆ ಬೀಗ ಇಲ್ಲವಾಯಿತು. "ಲೋ ಗಂಗಯ್ಯ, ಹಾಗಾದ್ರೆ ಬಾವಿ ಎಲ್ಲೋ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಈ ಒಂದು ಮಾತು ಗಂಗಯ್ಯನ ಮಂದ ಕಿವಿಗೂ ಸ್ಪಷ್ಟವಾಗಿ ಬಿದ್ದಿತ್ತು.

"ಬಾವಿ ಇಲ್ಲೆಲ್ಲಿರುತ್ತೆ? ಅದು ನಿನ್ನ ರೂಮಲ್ಲಿ, ನಿನ್ನ ಮಂಚದ ಕೆಳಗಲ್ವಾ ಇರೋದು! ಈ ಹಾಲಿನ ಅಡುಗೆಮನೆ ಕಡೆ ಗೋಡೆ ಸರಿಯಾಗಿ ಬಾವಿ ಮೇಲೆ ಬರ್ತಿತ್ತು, ಬಿರುಕು ಬಿಡುತ್ತೆ ಅಂತ ಪಾಯಾನೇ ಹನ್ನೆರಡು ಅಡಿ ಮುಂದಕ್ಕೆ ತಳ್ಳಿದೆ. ಆಗ ನಿನ್ನ ರೂಮಿನ ನಡುವೆ ಸಿಕ್ಕಿದ ಬಾವಿಗೆ ಕಲ್ಲು ತುಂಬಿ, ಮೇಲೆ ಕಾಂಕ್ರೀಟ್ ಹಾಕಿದೆ. ನಿನಗೆ ಹೇಳಿದ್ದೆನಲ್ಲ."

"ಯಾವಾಗ ಹೇಳಿದ್ದೆ?"

"ನೀನು ಸಿದ್ದಾಪುರದಲ್ಲಿದ್ದೆ. ಅಲ್ಲಿಗೇ ಬಂದು ಹೇಳಿದೆ. ಮಗು ಎತ್ಕೊಂಡು ಹೂಂ ಹೂಂ ಅಂದೆ. ಮುಂದೆ ಗಿಡಕ್ಕೆ ಜಾಗ ಯಾಕೆ ಕಮ್ಮಿ ಆಯ್ತು ಅಂತ ಆಮೇಲೆ ಜಗಳಾನೂ ಆಡಿದ್ದೆ."

ಸಂಗಮೇಶ ಟಾರ್ಚು ಆರಿಸಿದ. ಎಲ್ಲರೂ ಮರಿಯಮ್ಮನ ಕಡೆ ನೋಡಿದರು, ಬೈರಣ್ಣನೊಬ್ಬನನ್ನು ಬಿಟ್ಟು. ಅವನು ಗುಂಡಿಯೊಳಗಿನ ಸಾಕ್ಸನ್ನೇ ನೋಡುತ್ತಿದ್ದ.

"ರಸ್ತೆಗೆ ಹೋಯ್ತು," ಅಂದಳು ಮರಿಯಮ್ಮ ಮೆಲ್ಲಗೆ. "ನಲವತ್ತು ವರ್ಷದಿಂದ ಆ ರಸ್ತೇಲಿ ಹೋಗ್ವಾಗೆಲ್ಲ ಗಂಗಮ್ಮ ಇಲ್ಲಿದ್ದಾಳೆ ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದಿದ್ದೀನಲ್ರೀ ನಾನು. ನೋಡಿದವರು ನನ್ನ ಏನು ಅಂದ್ಕೊಂಡಿರಬಹುದು?"

ಬೈರಣ್ಣನಿಗೆ ಈಗ ನೆನಪಾಯಿತು. ಗೇಟು ದಾಟಿ ಹತ್ತು ಹೆಜ್ಜೆ ಅವಳು ಬರಿಗಾಲಲ್ಲಿ ನಡೆಯುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಕಾಲಿಗೆ ಒಳ್ಳೆಯದೆಂದು ಯಾರೋ ಹೇಳಿರಬೇಕು ಅಂದುಕೊಂಡು ಸುಮ್ಮನಿದ್ದ. ಅವನು ಗುಂಡಿಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ಮರೀ, ತಪ್ಪಾಯ್ತು. ನೀನು ಹೊಸ್ತಿಲು ದಾಟಲ್ಲ ಅಂದಿದ್ಯಲ್ಲ, ಹೆದರಿಕೊಂಡೆ. ಮನೆಗೆ ನೀನು ಬರದೆ ಮನೆ ಕಟ್ಟಿ ಏನು ಮಾಡ್ಲಿ ಅಂತ."

ಮರಿಯಮ್ಮ ತಮ್ಮ ಪೋರ್ಶನ್ನಿಗೆ ಹೋದಳು. ಎಲ್ಲರೂ ಸಾಲಾಗಿ ಹಿಂದೆ ಹೋದರು. ರೂಮಿನಲ್ಲಿ ಅವಳು ಮಂಚದ ಒಂದು ಕಾಲು ಹಿಡಿದು ಎಳೆಯುತ್ತಿದ್ದಳು. ಸಂಗಮೇಶ, ಬೈರಣ್ಣ ಕೈಜೋಡಿಸಿದರು. ಮಂಚ ಸರಿದ ಜಾಗದಲ್ಲಿ ಧೂಳು, ಎರಡು ಬಟನ್ನು, ಅದರ ಕೆಳಗೆ ಎಲ್ಲ ಕಡೆ ಇರುವಂಥದೇ ಮೊಸಾಯಿಕ್.

"ಕೆಂಚಕ್ಕ," ಅಂದಳು ಮರಿಯಮ್ಮ, "ಸ್ವಲ್ಪ ಇಲ್ಲಿ ಒದ್ದು ನೋಡಿ. ಇವರ ಮಾತೂ ಬೇಡ, ಗಂಗಯ್ಯಣ್ಣನ ಮಾತೂ ಬೇಡ."

ಕೆಂಚವ್ವ ನೆರಿಗೆ ಎತ್ತಿಕೊಂಡು ಮುಂದೆ ಬಂದಳು. ಮೊದಲು, ಬಗ್ಗಿ ನೆಲ ಮುಟ್ಟುವಂತಿಲ್ಲದ್ದರಿಂದ, ನಿಂತಲ್ಲೇ ಕೈಮುಗಿದಳು. ನಾಲ್ಕು ಮೂಲೆಗೂ, ನಡುವಿಗೂ ಹಿಮ್ಮಡಿ ಬಡಿದಳು. ಟಕ್, ಟಕ್, ಟಕ್.

"ಕಲ್ಲಿನಂಗ ಐತಿ ಯವ್ವಾ. ನಿನ್ನ ಗಂಡ ಸುಳ್ಳು ಹೇಳ್ಯಾನ, ನೆಲ ಹೇಳಾಕತ್ತಿಲ್ಲ. ನಿಶ್ಚಿಂತಿಂದ ಮಕ್ಕೋ."

ಮರಿಯಮ್ಮ ಅಲ್ಲಿಂದ ಮೂರು ದಿನ ಮುಂದಿನ ಪೋರ್ಶನ್ನಿನಲ್ಲಿ ಕೆಂಚವ್ವನ ಪಕ್ಕ ಚಾಪೆ ಹಾಸಿ ಮಲಗಿದಳು. ನಂಬಿಕೆಯಿಲ್ಲದೆ ಅಲ್ಲ, ಸಿಟ್ಟಿಗೆ. ಆ ಮೂರು ದಿನದಲ್ಲಿ ಗಂಗಯ್ಯ ಹಳೆಯ ಪೈಪು ಕಿತ್ತು ಪಿವಿಸಿ ಹಾಕಿಸಿದ, ಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿದ, ಮಣ್ಣು ಸುರಿದು ನೀರು ಹಾಕಿ ದಮ್ಮಸು ಮಾಡಿಸಿ ಮೇಲೆ ಕಾಂಕ್ರೀಟು ಹಾಕಿದ. ಹೊಸ ನೆಲಕ್ಕೆ ದಿನಕ್ಕೆ ಮೂರು ಸಲ ನೀರು ಹೊಡೆಯುವ ಕೆಲಸ ಬೈರಣ್ಣನದೇ. ಯಾರೂ ಹೇಳಿದ್ದಲ್ಲ, ತಾನಾಗಿ ಹಿಡಿದದ್ದು. ಚೊಂಬು ಹಿಡಿದು ಒಳಗೆ ಬಂದಾಗಲೆಲ್ಲ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ಕೆಂಚವ್ವನ ಕಣ್ಣಿಗೆ ಡ್ರಾಪ್ಸು ಬಿಡುತ್ತ, ಅವನು ಬಂದದ್ದೇ ಕಾಣದವಳ ಹಾಗೆ ಇರುತ್ತಿದ್ದಳು.

ನಾಲ್ಕನೆಯ ದಿನ ಅವಳು ಚಾಪೆ ಸುತ್ತಿಕೊಂಡು ವಾಪಸು ಬಂದಳು, ಷರತ್ತು ಹಾಕಿಯೇ. ಮಂಚ ಗೋಡೆಯ ಪಕ್ಕಕ್ಕೆ ಹೋಗಬೇಕು. ಪ್ರತಿ ಶುಕ್ರವಾರ ರೂಮಿನ ನಡುವೆ ಗಂಗಮ್ಮನಿಗೆ ಪೂಜೆ ಆಗಬೇಕು. ಮಾಡುವವನು ಬೈರಣ್ಣ.

ಮೊದಲ ಶುಕ್ರವಾರ ಬೆಳಿಗ್ಗೆ ಬೈರಣ್ಣ ತಲೆಗೆ ಸ್ನಾನ ಮಾಡಿ ಪಂಚೆ ಉಟ್ಟು, ಮೊಸಾಯಿಕ್ಕಿಗೆ ಅರಿಶಿಣ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕರ್ಪೂರ ಬೆಳಗಿದ. ಆಮೇಲೆ ಏನು ಹೇಳಬೇಕೋ ತೋಚದೆ ಅಡುಗೆಮನೆಯತ್ತ ತಿರುಗಿದ.

"ಮಂತ್ರ ಬರಲ್ವಲ್ಲೇ ನನಗೆ. ಏನನ್ನಲಿ?"

"ತಪ್ಪಾಯ್ತು ತಾಯಿ ಅನ್ನಿ," ಅಂದಳು ಮರಿಯಮ್ಮ ಒಳಗಿಂದಲೇ. "ಜೋರಾಗಿ ಅನ್ನಿ, ಆಳದಲ್ಲಿದ್ದಾಳೆ."

ಬೈರಣ್ಣ ಅಂದ. ಕುಕ್ಕರಿನ ಸೀಟಿಯಲ್ಲಿ ಕೇಳಿಸಲಿಲ್ಲ ಅಂತ ಅವಳು ಇನ್ನೊಂದು ಸಲ ಹೇಳಿಸಿದಳು.